ಕಾಲು ಕಳಚಿದ ರೋಗಿ

"ಏ ಮುಂಡೇದೇ, ನರಳೋದು ಅಂದ್ರೆ ಹಿಂಗಾ? ಹೊಟ್ಟೆನೋವು ಬಂದೋಳ ಥರ ನರಳೇ ಅಂದ್ರೆ ಆಕಳಿಸ್ತಾ ಬಿದ್ದಿದ್ದಾಳೆ! ಹಲ್ಲು ಕಚ್ಚು. ಈಗ ಹ್ಞೂಂ ಅನ್ನು. ಎಲ್ಲಿ, ಅನ್ನು!"

ದೊಡ್ಡ ಸಿಸ್ಟರ್ ಕೀಲಿಗೊಂಚಲಿನಿಂದ ನನ್ನ ಮಂಚದ ಕಬ್ಬಿಣಕ್ಕೆ ಕುಟ್ಟಿದರು. ನಾನು ಹ್ಞೂಂ ಅಂದೆ. ಈ ಆಸ್ಪತ್ರೆಯ ರಕ್ತ, ಕೀವು, ಉಚ್ಚೆಯ ಬಟ್ಟೆ ಒಗೆದೇ ನನ್ನ ಕೈಯ ಚರ್ಮ ಸುಲಿದಿದೆ. ಆದರೆ ಇಲ್ಲಿನ ಹಾಸಿಗೆಯ ತುದಿಯಲ್ಲೂ ನಾನು ಕೂತವಳಲ್ಲ. ಇವತ್ತು ಒಗೆಯುವ ತೊಟ್ಟಿಯಿಂದ ಎಬ್ಬಿಸಿ ತಂದು, "ನಿಂಗೆ ಹೊಟ್ಟೇಲಿ ಹುಣ್ಣು, ನೆನಪಿಟ್ಕೋ" ಅಂತ ಹೇಳಿ ಮಲಗಿಸಿದ್ದರು. ಹುಣ್ಣಿನವಳು ತಿನ್ನಬಾರದು ಅಂತ ಬೆಳಗಿನ ತಿಂಡಿಯನ್ನೂ ಕಿತ್ತುಕೊಂಡಿದ್ದರು.

ಆಸ್ಪತ್ರೆಯ ಯಜಮಾನರದ್ದೇ ಒಂದು ನರ್ಸಿಂಗ್ ಶಾಲೆ ಇತ್ತು. ಹಾಸಿಗೆಗಳು ತುಂಬಿರದಿದ್ದರೆ ಶಾಲೆಯ ಪರವಾನಗಿ ಹೋಗುತ್ತದೆ. ಯಜಮಾನರ ಬಿಲ್ಲು ಕಂಡವರು ಇನ್ನೊಮ್ಮೆ ಆ ಬಾಗಿಲು ತುಳಿಯುತ್ತಿರಲಿಲ್ಲವಾದ್ದರಿಂದ ಹಾಸಿಗೆಗಳು ಸದಾ ಖಾಲಿ. ಹೀಗಾಗಿ ತಪಾಸಣೆಯ ದಿನ ತೋಟದವನು, ಅಡುಗೆಯವನು, ಹಿತ್ತಲಿನ ಹೊಸ ಕಟ್ಟಡದ ಗಾರೆ ಕೆಲಸದವರು, ಎಲ್ಲರಿಗೂ ಒಂದೊಂದು ಕಾಯಿಲೆ ಹಂಚಿ ಮಲಗಿಸುವುದು ಅಲ್ಲಿನ ಪದ್ಧತಿ. ಈ ಸಲ ಕಟ್ಟಡದ ಕೆಲಸ ನಿಲ್ಲಬಾರದು ಅಂತ ಮೇಸ್ತ್ರಿ ಅರ್ಧ ಜನರನ್ನಷ್ಟೇ ಕೊಟ್ಟಿದ್ದ. ಎಣಿಸಿ ನೋಡಿದರೆ ಒಂದು ಹಾಸಿಗೆಗೆ ರೋಗಿಯೇ ಇಲ್ಲ. ಅಲ್ಲಿಗೆ ಶಾಲೆಯ ಬೊಂಬೆ ಬಂತು.

ಆಳೆತ್ತರದ ರಬ್ಬರ್ ಬೊಂಬೆ. ರೋಗಿಯನ್ನು ಎತ್ತುವುದು, ಹೊರಳಿಸುವುದು ಕಲಿಸಲು ತಂದದ್ದು. ಹಾಳಾಗುತ್ತದೆ ಅಂತ ಅದರ ಪ್ಲಾಸ್ಟಿಕ್ಕನ್ನು ಯಾರೂ ಬಿಚ್ಚಿರಲಿಲ್ಲ, ಹುಡುಗಿಯರು ದೂರದಿಂದ ನೋಡಿಯೇ ಕಲಿತಿದ್ದರು. ಇವತ್ತು ಅದನ್ನು ಬಿಚ್ಚಿ, ಬೊಂಬೆಯ ತಲೆಗೆ ಮಫ್ಲರ್ ಸುತ್ತಿ, ಮೂಗಿನ ತನಕ ಹೊದಿಸಿ, ಗೋಡೆಯ ಕಡೆ ಮುಖ ಮಾಡಿ ನನ್ನ ಪಕ್ಕದ ಮಂಚದಲ್ಲಿ ಮಲಗಿಸಿದ್ದರು. ಕಾಲ ಬಳಿ ತೂಗುಹಾಕಿದ ಕೇಸ್ ಶೀಟಿನ ಕಾಗದದಲ್ಲಿ 'ಗಂಡಸು, ಐವತ್ತು ವರ್ಷ, ಪಾರ್ಶ್ವವಾಯು, ಮಾತು ನಿಂತಿದೆ' ಅಂತ ಬರೆದಿತ್ತು. ನನಗೆ ಕೊಟ್ಟದ್ದು ಹರಿದ ದುಪ್ಪಟಿ, ಅದಕ್ಕೆ ಹೊಸ ಕಂಬಳಿ. ನನ್ನ ಹೊಟ್ಟೆ ಉರಿಯಿತು.

ತಪಾಸಣೆಯ ಸಾಹೇಬರು ನನ್ನ ಹೊಟ್ಟೆ ಒತ್ತಿ "ಇಲ್ಲಿ ನೋಯುತ್ತಾ?" ಅಂತ ಕೇಳುತ್ತಿದ್ದಾಗಲೇ ಹಿತ್ತಲಲ್ಲಿ ಕೂಗಾಟವಾಯಿತು. ಇಬ್ಬರ ಹೊರೆಯನ್ನು ಒಬ್ಬಳೇ ಹೊತ್ತಿದ್ದ ಗಾರೆಯ ಹೆಂಗಸೊಬ್ಬಳು ಸಾರುವೆಯಿಂದ ಬಿದ್ದಿದ್ದಳು. ಅವಳನ್ನು ಹೊತ್ತು ತಂದು ವಾರ್ಡಿನ ಬಾಗಿಲಲ್ಲಿ ಇಳಿಸಿದರು. ಅವಳ ಬಲಗಾಲು ಮೊಣಕಾಲಿನ ಕೆಳಗೆ ಬೇರೆಯೇ ದಿಕ್ಕಿಗೆ ತಿರುಗಿತ್ತು.

ನಮ್ಮ ಕಡ್ಡಿ ಅಲ್ಲೇ ಇದ್ದಳು. ಕಡ್ಡಿ ಅಂದರೆ ತೀರಿಹೋದ ನನ್ನ ಅಕ್ಕನ ಮಗಳು. ಹಾಲುಹಲ್ಲಿನಿಂದ ನಾನೇ ಸಾಕಿದವಳು. ಗಾಳಿಗೆ ಹಾರಿಹೋಗುವ ಹಾಗಿದ್ದಳು ಅಂತ ಎಲ್ಲರೂ ಇಟ್ಟ ಹೆಸರು ಅದು. ಆ ಶಾಲೆಯಲ್ಲಿ ಎರಡನೇ ವರ್ಷ ಓದುತ್ತಿದ್ದಳು.

"ಸಿಸ್ಟರ್, ಬೆಡ್ ಬೇಕು!"

"ಬೆಡ್ ಫುಲ್ ಕಣೇ. ಆಚೆ ಹಾಕು ಅವಳನ್ನ."

ತೋಟದವನು ಎದ್ದು ಕೂತ. ದೊಡ್ಡ ಸಿಸ್ಟರ್ ಕಣ್ಣು ಬಿಟ್ಟರು. ಅವನು ಮತ್ತೆ ಬಿದ್ದುಕೊಂಡು ಅಯ್ಯೋ ಅಮ್ಮಾ ಅಂದ. ನಾನು ಏಳೋಣವೆಂದರೆ ಸಾಹೇಬರ ಕೈ ಇನ್ನೂ ಹೊಟ್ಟೆಯ ಮೇಲೇ ಇತ್ತು. ಕಡ್ಡಿ ಯಾರ ಮುಖವನ್ನೂ ನೋಡಲಿಲ್ಲ. ನೇರ ಬೊಂಬೆಯ ಹತ್ತಿರ ಬಂದಳು, ಕಂಬಳಿ ಸರಿಸಿದಳು, ಕಂಕುಳಲ್ಲಿ ಕೈಹಾಕಿ ಎತ್ತಿದಳು. ಮುಟ್ಟಿಯೇ ನೋಡದ ಬೊಂಬೆಯ ತೂಕ ಅವಳಿಗೇನು ಗೊತ್ತು? ಅದು ಕೈಜಾರಿ ದೊಪ್ಪೆಂದು ಬಿತ್ತು. ಎಡಗಾಲು ಮೊಣಕಾಲಿನಲ್ಲಿ ಕಳಚಿ, ಉರುಳಿ, ಸಾಹೇಬರ ಬೂಟಿಗೆ ತಾಗಿ ನಿಂತಿತು.

ಸಾಹೇಬರು ಕಾಲನ್ನು ನೋಡಿದರು. ಅದರೊಳಗೆ ಟೊಳ್ಳು, ಒಂದು ತುಕ್ಕು ಹಿಡಿದ ಸ್ಕ್ರೂ. ಅದು ಬೊಂಬೆಯೆಂದರೆ ಆಗಲೇ ಸಹಿ ಹಾಕಿದ ವರದಿಯನ್ನು ಹರಿದು ಮತ್ತೆ ಬರೆಯಬೇಕು, ಇಡೀ ವಾರ್ಡನ್ನು ಎಬ್ಬಿಸಿ ನೋಡಬೇಕು. ಮಹಡಿಯ ಮೇಲೆ ಊಟ ಬಡಿಸಿಟ್ಟು ಆಗಲೇ ಎರಡು ಸಲ ಕರೆ ಬಂದಿತ್ತು. ಅವರು ಗಂಟಲು ಸರಿಮಾಡಿಕೊಂಡರು.

"ಏನ್ರೀ ಇದು? ಪೇಶೆಂಟನ್ನ ಹೀಗಾ ಎತ್ತಿ ಬಿಸಾಡೋದು?"

ದೊಡ್ಡ ಸಿಸ್ಟರಿಗೆ ಹೋದ ಜೀವ ಬಂತು. "ತಪ್ಪಾಯ್ತು ಸಾರ್! ತುಂಬಾ ಸೀರಿಯಸ್ ಪೇಶೆಂಟ್ ಸಾರ್ ಇವರು!"

ಯಜಮಾನರು ಓಡಿಬಂದು ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತರು. ಬೊಂಬೆಯ ಹಣೆ ಸವರಿ, "ಧೈರ್ಯ ತಗೊಳ್ಳಿ, ಏನಾಗಲ್ಲ" ಅಂದರು. ಎರಡು ಹೆಜ್ಜೆ ಆಚೆ ಆ ಹೆಂಗಸು ತನ್ನ ಸೆರಗು ಕಚ್ಚಿಕೊಂಡು ಬಿದ್ದಿದ್ದಳು. ಕಡ್ಡಿ ಒಬ್ಬಳೇ ಅವಳನ್ನು ಎತ್ತಿ ಮಂಚಕ್ಕೆ ಹಾಕಿದಳು. ಸಾಹೇಬರ ಕಾರು ಗೇಟು ದಾಟಿತೋ ಇಲ್ಲವೋ, ಅವಳ ಕಾಲಿಗೆ ಎರಡು ಪಟ್ಟಿ ಹಲಗೆ ಕಟ್ಟಿ ಕಟ್ಟಡದ ಶೆಡ್ಡಿಗೆ ಕಳಿಸಿದರು. ಬೊಂಬೆಯನ್ನು ಮತ್ತೆ ಮಲಗಿಸಿದರು.

ಮಾರನೆಯ ದಿನ ಶಾಲೆಯ ಪ್ರಿನ್ಸಿಪಾಲರು ಕಡ್ಡಿಯನ್ನೂ ನನ್ನನ್ನೂ ಕರೆಸಿದರು. ಕುರ್ಚಿಗಳಿದ್ದವು, ಕೂತುಕೊಳ್ಳಿ ಅನ್ನಲಿಲ್ಲ.

"ರೋಗಿಯ ಕಾಲು ಮುರಿದಿದ್ದೀಯ. ಮನುಷ್ಯತ್ವ ಅನ್ನೋದು ಇದೆಯಾ ನಿಂಗೆ? ನಿನ್ನಂಥೋಳ ಕೈಗೆ ಜೀವ ಕೊಡೋದು ಹೆಂಗೆ?"

"ಸಾರ್, ಅದು ಬೊಂಬೆ."

"ಆ ಮಾತು ಇನ್ನೊಂದ್ಸಲ ಬಂದ್ರೆ ಪೊಲೀಸರಿಗೆ ಹಿಡಿದು ಕೊಡ್ತೀನಿ! ಕೊಲೆ ಯತ್ನ ಅಂತ ಬರೆಸ್ತೀನಿ!"

ನನಗೆ ಮೈಯೆಲ್ಲ ಉರಿದುಹೋಯಿತು. "ಸ್ವಾಮಿ, ಯಾರನ್ನ ಕೊಂದ್ಲು ಸ್ವಾಮಿ ಇವಳು? ರಬ್ಬರನ್ನಾ?" ಅಂದೆ.

"ಬಟ್ಟೆ ಒಗೆಯೋಳು ಬಾಯಿ ಮುಚ್ಕೊಂಡಿರು. ಇಲ್ಲಾಂದ್ರೆ ನಾಳೆಯಿಂದ ತೊಟ್ಟಿನೂ ಇಲ್ಲ ನಿಂಗೆ."

ಕೈಗೆ ವಜಾ ಪತ್ರ ಬಂತು. 'ಪಾರ್ಶ್ವವಾಯು ಪೀಡಿತ ರೋಗಿಯನ್ನು ನೆಲಕ್ಕೆ ಕೆಡವಿ ಕಾಲು ಬೇರ್ಪಡುವಂತೆ ಮಾಡಿದ್ದಕ್ಕಾಗಿ' ಎಂದಿತ್ತು. ಕಡ್ಡಿ ಅದನ್ನು ಓದಿ ನಕ್ಕಳು. ನಗುತ್ತ ನಗುತ್ತಲೇ ಅತ್ತಳು.

ಊರಿನ ಇನ್ನೊಂದು ತುದಿಯಲ್ಲಿ ತನ್ನದೇ ಆಸ್ಪತ್ರೆಯಿದ್ದ ಇನ್ನೊಂದು ನರ್ಸಿಂಗ್ ಶಾಲೆ ಇತ್ತು. ವರ್ಗಾವಣೆಯ ಮೇಲೆ ಎರಡನೇ ವರ್ಷಕ್ಕೇ ಸೇರಿಸಿಕೊಳ್ಳುತ್ತಾರೆ, ಆದರೆ ಆ ವಾರ ದಾಟಿದರೆ ಇಲ್ಲ. ವಾರ ದಾಟಿದರೆ ಓದಿದ್ದೆಲ್ಲ ನೀರುಪಾಲು, ಕಡ್ಡಿ ನನ್ನ ಜೊತೆ ಅದೇ ತೊಟ್ಟಿಗೆ ಬರಬೇಕು. ನನ್ನ ಕೈಗಳ ಗತಿ ಅವಳ ಕೈಗಳಿಗೆ ಬರಬಾರದು ಅಂತಲೇ ನಾನು ಇಷ್ಟು ದಿನ ಬೈಸಿಕೊಂಡಿದ್ದೆ. ಬೇರೆ ಆಸೆ ನನಗಿರಲಿಲ್ಲ.

ಅಲ್ಲಿನ ಮೇಡಂ ಮೆತ್ತಗಿನ ಮಾತಿನವರು. ಕೂರಿಸಿದರು, ನೀರನ್ನೂ ಕೊಡಿಸಿದರು.

"ಮಾರ್ಕ್ಸು ಚೆನ್ನಾಗಿದೆಯಮ್ಮ. ಆದ್ರೆ ಪೇಶೆಂಟ್ ಕಾಲು ಕಿತ್ತಿದ್ದೀಯಲ್ಲ?"

"ಅದು ಬೊಂಬೆ ಮೇಡಂ."

"ಇರಬಹುದು. ಹಾಗಂತ ಅವರ ಹತ್ರ ಬರೆಸ್ಕೊಂಡು ಬಾ."

"ಬರೆದುಕೊಡಲ್ಲ ಮೇಡಂ. ಬರೆದ್ರೆ ಅವರ ಲೈಸೆನ್ಸೇ ಹೋಗುತ್ತೆ."

"ಹಾಗಾದ್ರೆ ಪೇಶೆಂಟೇ." ಮೇಡಂ ಕನ್ನಡಕ ತೆಗೆದು ಒರೆಸಿದರು. "ಆ ಪೇಶೆಂಟು ಖುದ್ದಾಗಿ ಬಂದು, ನಂದೇನೂ ದೂರಿಲ್ಲ ಅಂತ ನನ್ನೆದುರು ಹೇಳಲಿ. ಸೀಟು ಕೊಡ್ತೀನಿ. ನಾನು ನಿಯಮ ಬಿಟ್ಟು ಹೋಗೋಳಲ್ಲ."

ಬೀದಿಗೆ ಬಂದ ಮೇಲೆ ಕಡ್ಡಿ ಕೇಳಿದಳು, "ಚಿಕ್ಕೀ, ಆಯಮ್ಮಂಗೆ ತಲೆ ಸರಿಯಿದೆಯಾ?"

"ಸರಿಯಿದೆ ಕಣೇ. ಅದಕ್ಕೇ ಕುರ್ಚಿ ಮೇಲೆ ಕೂತಿದ್ದಾಳೆ."

ಪ್ರಿನ್ಸಿಪಾಲರ ಕಾಲು ಹಿಡಿದರೆ ಒಂದು ಸಾಲು ಬರೆದಾರೇನೋ ಅಂತ ಮತ್ತೆ ಹೋದೆವು. ಅವರು ತಲೆ ಎತ್ತದೆ, "ಮೊದಲು ರೋಗಿ ಹತ್ರ ಕ್ಷಮೆ ಕೇಳು. ಆಮೇಲೆ ನೋಡೋಣ" ಅಂದರು.

ಬೊಂಬೆ ಇನ್ನೂ ವಾರ್ಡಿನಲ್ಲೇ ಇತ್ತು. ಗಾಯಗೊಂಡ ರೋಗಿಯನ್ನು ನೋಡಲು ಸಾಹೇಬರು ಮತ್ತೆ ಬಂದರೆ ಅನ್ನುವ ಭಯಕ್ಕೆ ಅದಕ್ಕೆ ಬ್ಯಾಂಡೇಜು ಸುತ್ತಿ ಮಲಗಿಸಿದ್ದರು. ಹುಡುಗಿಯರು ದಿನಾ ಅದರ ಬಾಯಿಗೆ ಜ್ವರದ ಕಡ್ಡಿ ಇಟ್ಟು, ಜ್ವರ ಇಲ್ಲ, ಮಲವಿಸರ್ಜನೆ ಸರಾಗ ಅಂತ ಬರೆಯುತ್ತಿದ್ದರು. ಅದರ ಹಾಸಿಗೆ ಬಟ್ಟೆ ದಿನಾ ನನ್ನ ತೊಟ್ಟಿಗೆ ಬರುತ್ತಿತ್ತು. ಒಂದು ಕಲೆಯಿಲ್ಲ, ಒಂದು ಸುಕ್ಕಿಲ್ಲ. ಆದರೂ ಒಗೆಯಬೇಕು.

"ಕಾಲಿಗೆ ಬೀಳು" ಅಂದರು ದೊಡ್ಡ ಸಿಸ್ಟರ್.

"ಯಾವ ಕಾಲಿಗೆ ಸಿಸ್ಟರ್? ಒಂದು ಬೀರುವಿನಲ್ಲಿದೆ."

ಕಡ್ಡಿಯ ಕೆನ್ನೆಗೆ ಫಳಾರನೆ ಬಿತ್ತು. "ಕೊಬ್ಬು ನೋಡು ಬೇವಾರ್ಸಿಗೆ! ಇರೋ ಕಾಲಿಗೆ ಬೀಳೇ!"

ನಾನು ಸಾಕಿದ ಮಗಳು ಬಗ್ಗಿದಳು. ರಬ್ಬರ್ ಪಾದಕ್ಕೆ ಹಣೆ ಹಚ್ಚಿ, ತಪ್ಪಾಯ್ತು ಅಂದಳು. ಉಳಿದ ಹುಡುಗಿಯರು ಸಾಲಾಗಿ ನಿಂತು ನೋಡಿದರು, ಒಬ್ಬಳೂ ನಗಲಿಲ್ಲ. ದೊಡ್ಡ ಸಿಸ್ಟರ್ ಬೊಂಬೆಯ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾದು, "ಇನ್ನೂ ಕ್ಷಮಿಸಿದ ಹಾಗೆ ಕಾಣ್ಸಲ್ಲ. ಮುಂದಿನ ವಾರ ಬಾ" ಅಂದರು. ಆಗ ನನಗೆ ರೋಸಿಹೋಯಿತು. ದುಃಖವೆಲ್ಲ ಎಲ್ಲಿ ಹೋಯಿತೋ, ಬರೀ ಸಿಟ್ಟು ಉಳಿಯಿತು.

ಮಾರನೆಯ ಬೆಳಿಗ್ಗೆ ಎಂದಿನಂತೆ ಮೈಲಿಗೆ ಬಟ್ಟೆಯ ಕೈಗಾಡಿ ತಳ್ಳಿಕೊಂಡು ವಾರ್ಡಿಗೆ ಹೋದೆ. ಎಲ್ಲರೂ ಪ್ರಾರ್ಥನೆಗೆ ಸಾಲುಗಟ್ಟಿದ್ದ ಹೊತ್ತು. ಬೊಂಬೆಯನ್ನು ಗಾಡಿಗೆ ಉರುಳಿಸಿದೆ, ಬೀರುವಿನಿಂದ ಕಾಲನ್ನೂ ತಂದೆ, ಮಂಚಕ್ಕೆ ತೂಗುಹಾಕಿದ್ದ ಕಾಗದವನ್ನೂ ಬಿಚ್ಚಿಕೊಂಡೆ. ಮೇಲೆ ಗಬ್ಬುನಾತದ ಬಟ್ಟೆ ಹೇರಿದೆ. ಆ ಬಟ್ಟೆ ಮುಟ್ಟಿ ನೋಡುವ ಕಾವಲುಗಾರ ಇನ್ನೂ ಹುಟ್ಟಿಲ್ಲ. ನಮ್ಮವನು ಮೂಗು ಮುಚ್ಚಿಕೊಂಡು ಹಿತ್ತಲ ಗೇಟು ತೆಗೆದ.

ಗೇಟಿನಾಚೆ ಗಾರೆಯವರ ಶೆಡ್ಡಿನ ಹತ್ತಿರ ಕಡ್ಡಿ ಕಾಯುತ್ತಿದ್ದಳು. ಕಾಲು ಮುರಿದ ಹೆಂಗಸಿಗೆ ದಿನಾ ಪಟ್ಟಿ ಬದಲಿಸುತ್ತಿದ್ದವಳು ಅವಳೇ. ಕಾಲು ಊದಿ ಹೊಳೆಯುತ್ತಿತ್ತು, ಮೈ ಸುಡುತ್ತಿತ್ತು. ವಿಷಯ ಕೇಳಿ ಆಕೆ ಗೋಡೆ ಹಿಡಿದು ಎದ್ದು ಕೂತಳು.

"ನನ್ನೂ ಕರ್ಕೊಂಡ್ಹೋಗ್ರವ್ವಾ. ಬೊಂಬೆಗೆ ಬಾಯಿಲ್ಲ, ನಂಗಿದೆ. ನಂಗೆ ಜಾಗ ಕೊಡೋಕೆ ಹೋಗಿ ತಾನೇ ಈ ಮಗೀಗೆ ಹಿಂಗಾಗಿದ್ದು? ನಾನ್ ಹೇಳ್ತೀನಿ."

ಹೊಲಸು ಬಟ್ಟೆಯನ್ನು ಶೆಡ್ಡಿನಲ್ಲೇ ಸುರಿದು, ಗಾಡಿಯ ಒಂದು ಕಡೆ ಆಕೆ, ಒಂದು ಕಡೆ ಬೊಂಬೆ. ಉರಿಬಿಸಿಲಲ್ಲಿ ಊರಿನ ನಡುವೆ ತಳ್ಳಿದೆವು. ಒಬ್ಬ ಅಂಗಡಿಯವನು ಕೊಡೆ ಹಿಡಿದು ಓಡಿಬಂದ. ಪಾಪ, ಈ ಹಿರಿಯರಿಗೆ ಬಿಸಿಲು ತಾಗುತ್ತದೆ ಅಂತ ಬೊಂಬೆಯ ತಲೆಗೆ ನೆರಳು ಮಾಡಿದ. ಗಾರೆಯ ಹೆಂಗಸು ನೋವಿನಲ್ಲೂ ಕಿಸಕ್ಕೆಂದಳು.

ಮೇಡಂ ಕೋಣೆಯಲ್ಲಿ ಬೊಂಬೆಯನ್ನು ಕುರ್ಚಿಯಲ್ಲಿ ಕೂರಿಸಿದೆವು. ಕಳಚಿದ ಕಾಲನ್ನು ಮೇಜಿನ ಮೇಲಿಟ್ಟೆ.

"ಪೇಶೆಂಟ್ ಬಂದಿದ್ದಾರೆ ಮೇಡಂ. ಕೇಳಿ" ಅಂದಳು ಕಡ್ಡಿ.

ಗಾರೆಯ ಹೆಂಗಸು ಬಾಗಿಲಿಂದಲೇ ಶುರು ಮಾಡಿದಳು, "ಅಮ್ಮಾವ್ರೇ, ಅವತ್ತು ಬಿದ್ದೋಳು ನಾನು..."

"ನೀವ್ಯಾರು? ನಿಮ್ಮ ಕೇಸ್ ಶೀಟ್ ಎಲ್ಲಿ? ಇಲ್ವಾ? ಹಾಗಾದ್ರೆ ಸುಮ್ನಿರಿ, ಪೇಶೆಂಟ್ ಮಾತಾಡಲಿ."

ಮೇಡಂ ಬೊಂಬೆಯ ಕಡೆ ತಿರುಗಿದರು. ಕಣ್ಣು ಮಿಟುಕಿಸಲೂ ಇಲ್ಲ. "ಈ ಹುಡುಗಿಯ ಮೇಲೆ ನಿಮ್ಮದೇನಾದ್ರೂ ದೂರಿದೆಯಾ?" ಅಂದರು. ಫ್ಯಾನು ತಿರುಗಿತು. ತಕ್ಕಷ್ಟು ಹೊತ್ತು ಕಾದು, 'ದೂರಿಲ್ಲ' ಅಂತ ಬರೆದರು. ಅದೇ ಪೆನ್ನಿನಲ್ಲಿ ಕಡ್ಡಿಯ ದಾಖಲಾತಿ ಕಾಗದಕ್ಕೂ ಸಹಿ ಹಾಕಿದರು. ಸೀಟು ಸಿಕ್ಕಿತು! ಆ ಬೊಂಬೆಗೇ ಕೈಮುಗಿಯೋಣ ಅನ್ನಿಸಿತು.

"ಇನ್ನು ನೀನು ನಮ್ಮ ಹುಡುಗಿ" ಅಂದರು ಮೇಡಂ. ಬೊಂಬೆಯ ಕಡೆ ಕೈ ತೋರಿಸಿ ದನಿ ಇಳಿಸಿದರು. "ಇವತ್ತು ನಮ್ಮಲ್ಲೂ ತಪಾಸಣೆ. ಒಂದು ಬೆಡ್ ಖಾಲಿ ಉಳಿದಿದೆ. ಇವರನ್ನ ಮಲಗಿಸಿ ಹೊದಿಸು. ಬೇಗ. ಸಾಹೇಬರು ಗೇಟಿಗೆ ಬಂದಾಯ್ತು."

ಕಡ್ಡಿ ಕಾಗದ ಮಡಚಿ ಒಳಗಿಟ್ಟುಕೊಂಡಳು. ನನ್ನ ಮುಖ ನೋಡಿದಳು. ಅವಳ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಥಟ್ಟನೆ ಗೊತ್ತಾಯಿತು. ಬೇಡ ಕಣೇ, ಈಗ ತಾನೇ ಸಿಕ್ಕಿದೆ, ಅನ್ನಬೇಕೆಂದು ಬಾಯಿ ತೆರೆದೆ. ಗಾರೆಯವಳು ಗೋಡೆಗೆ ಒರಗಿ ನಡುಗುತ್ತಿದ್ದಳು. ನಾನು ಅನ್ನಲಿಲ್ಲ.

ಬೊಂಬೆಯನ್ನು ಹೊರಗೆ ರೋಗಿಗಳು ಕಾಯುವ ಬೆಂಚಿನ ಮೇಲೆ ಕೂರಿಸಿದೆವು. ಅಲ್ಲಿದ್ದ ಅಜ್ಜಿಯೊಬ್ಬಳು ಸರಿದು ಜಾಗ ಬಿಟ್ಟಳು. ಇಬ್ಬರೂ ಸೇರಿ ಗಾರೆಯವಳನ್ನು ಎತ್ತಿ ವಾರ್ಡಿನ ಖಾಲಿ ಮಂಚಕ್ಕೆ ಹಾಕಿದೆವು. ಕಡ್ಡಿ ಬೊಂಬೆಯ ಕಾಗದವನ್ನು ಅವಳ ಕಾಲ ಬಳಿ ತೂಗುಹಾಕಿ, ಪಟ್ಟಿ ಬಿಚ್ಚಿ, ಊದಿದ ಕಾಲನ್ನು ದಿಂಬಿನ ಮೇಲಿಟ್ಟಳು.

ಬಂದವರು ಅದೇ ಸಾಹೇಬರು. ಹಿಂದೆ ಮೇಡಂ, ಡಾಕ್ಟರು, ಗುಮಾಸ್ತರ ಹಿಂಡು. ಸಾಹೇಬರು ಕಾಗದ ಓದಿದರು. ಗಂಡಸು, ಐವತ್ತು ವರ್ಷ. ಹಾಸಿಗೆಯ ಮೇಲಿನ ಹೆಂಗಸನ್ನು ನೋಡಿದರು. ಕಡ್ಡಿಯನ್ನು ನೋಡಿದರು. ಅವರ ಹಣೆಯಲ್ಲಿ ಬೆವರು ಒಡೆಯಿತು.

"ಪೇಶೆಂಟ್ ಕಾಲು ಮುರಿದಿದೆ ಸಾರ್" ಅಂದಳು ಕಡ್ಡಿ. "ನೀವೇ ನೋಡಿದ್ರಲ್ಲ. ಇವತ್ತೇ ಆಪರೇಶನ್ ಆಗ್ಬೇಕು ಅಂತ ಡಾಕ್ಟರಿಗೆ ಹೇಳಿ ಸಾರ್."

ಸಾಹೇಬರು ಹೂಂ ಅನ್ನಲಾರರು, ಉಹೂಂ ಅನ್ನಲಾರರು. ಮೇಡಂ ಮೆತ್ತಗಿನ ದನಿ ಮರೆತು ಮುಂದೆ ನುಗ್ಗಿದರು.

"ಏ ಲೌಡಿ, ಯಾರನ್ನ ತಂದು ಮಲಗಿಸಿದ್ದೀಯೇ? ಎಳೆದು ಹಾಕು ಆಚೆಗೆ! ಬೊಂಬೆ ಎಲ್ಲೇ? ಎಲ್ಲಿಟ್ಟೆ ಬೊಂಬೆನ?"

ವಾರ್ಡಿನಲ್ಲಿ ಮಲಗಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಕೂತರು.

ಕಡ್ಡಿ ಮಂಚದ ಸರಳಿನಿಂದ ಕೈ ತೆಗೆಯಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಕೇಳಿದಳು:

"ಯಾವ ಬೊಂಬೆ, ಮೇಡಂ?"