ಲೆಕ್ಕಕ್ಕೆ ಬಾರದ ನಡಿಗೆ

ನಮ್ಮ ಯಜಮಾನರು ನೂರು ವರ್ಷ ಬದುಕಬೇಕೆಂದು ತೀರ್ಮಾನಿಸಿದ್ದಾರೆ. ಬದುಕಲಿ, ನನ್ನದೇನೂ ತಕರಾರಿಲ್ಲ. ಆದರೆ ಯಾರ ಜೊತೆ ಬದುಕುತ್ತೀರಿ ಎಂದು ಕೇಳಿದರೆ ಮಾತ್ರ ಮುಖ ಊದಿಸಿಕೊಳ್ಳುತ್ತಾರೆ.

ನಾವಿಬ್ಬರೂ ಬಸ್ ಡಿಪೋದಲ್ಲಿ ದುಡಿದವರು. ಇವರು ಬ್ರೇಕ್ ವಿಭಾಗದಲ್ಲಿ, ನಾನು ಸೀಟು ಹೊಲಿಯುವ ಕಡೆ. ನಿವೃತ್ತಿಯಾದ ವರ್ಷವೇ ಇವರಿಗೆ ಬಿಪಿ, ಶುಗರ್ ಎರಡೂ ಒಟ್ಟಿಗೆ ಕಾಣಿಸಿಕೊಂಡವು. ಡಾಕ್ಟರಮ್ಮ ಒಳ್ಳೆಯವರು, ಹೆದರಿಸಲಿಲ್ಲ. "ದಿನಾ ನಡೀರಿ. ಹಿತಮಿತವಾಗಿ ತಿನ್ನಿ. ಹೊತ್ತಿಗೆ ಸರಿಯಾಗಿ ಮಲಗಿ. ನಾಲ್ಕು ಜನರ ಜೊತೆ ಬೆರೀತಾ ಇರಿ, ಅದೂ ಔಷಧಿನೇ" ಎಂದರು. ಇವರು ಮೊದಲ ಮೂರನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾಲ್ಕನೆಯದನ್ನು ಆ ಕ್ಲಿನಿಕ್ಕಿನ ಕುರ್ಚಿಯ ಮೇಲೆಯೇ ಬಿಟ್ಟುಬಂದರು. ಅದನ್ನು ಅಳೆಯುವ ಯಂತ್ರ ಇನ್ನೂ ಅಂಗಡಿಗೆ ಬಂದಿಲ್ಲವಲ್ಲ.

ಉಳಿದದ್ದಕ್ಕೆಲ್ಲ ಯಂತ್ರ ಬಂತು. ಕೈಗೆ ಹೆಜ್ಜೆ ಎಣಿಸುವ ವಾಚು, ಅಡುಗೆಮನೆಗೆ ತಕ್ಕಡಿ, ಮಂಚದ ಪಕ್ಕದಲ್ಲಿ ಬಿಪಿ ನೋಡುವ ಪೆಟ್ಟಿಗೆ. ಸಂಜೆ ಬೆಳಕಿರುವಾಗಲೇ ಒಬ್ಬರೇ ಕುಳಿತು ಬೇಯಿಸಿದ ತರಕಾರಿ ತಿಂದು ಏಳುತ್ತಾರೆ. ನಾನು ನನ್ನ ತಟ್ಟೆ ಹಿಡಿದು ಗೋಡೆಯ ಜೊತೆ ಮಾತಾಡುತ್ತೇನೆ. ಮೊಮ್ಮಗಳ ಹುಟ್ಟುಹಬ್ಬದ ದಿನ ಅವಳು ಪ್ರೀತಿಯಿಂದ ಕೊಟ್ಟ ಕೇಕಿನ ತುಂಡನ್ನು ತಕ್ಕಡಿಗೆ ಹಾಕಿ ನೋಡಿ, ತಿನ್ನದೆ ವಾಪಸ್ ಇಟ್ಟ ಮಹಾನುಭಾವರು. ಅದನ್ನೂ ಸಹಿಸಿಕೊಂಡೆ. ನನ್ನ ಸಹನೆ ಕೆಟ್ಟಿದ್ದು ಭಾವನ ವಿಷಯದಲ್ಲಿ.

ಭಾವ ಎಂದರೆ ಇವರ ಅಣ್ಣ. ಎರಡು ಸ್ಟಾಪಿನಾಚೆ ಮನೆ. ಚಳಿಗಾಲದ ಶುರುವಿನಲ್ಲಿ ಅವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತವು. ಮನೆಗೆ ಬಂದು ವ್ಯಾಯಾಮ ಮಾಡಿಸುವಾಕೆ ಖಂಡತುಂಡವಾಗಿ ಹೇಳಿದ್ದಳು: "ಕಾಲಲ್ಲಿ ಇನ್ನೂ ಜೀವ ಇದೆ. ದಿನಾ ನಡೆಸಿದ್ರೆ ಎದ್ದು ಓಡಾಡ್ತಾರೆ. ಈಗ ಕೂತ್ರೆ ಕೂತೇ ಬಿಡ್ತಾರೆ." ಭಾವನದು ದೊಡ್ಡ ದೇಹ. ಓರಗಿತ್ತಿ ಕಡ್ಡಿಯಂತಿದ್ದಾಳೆ, ಅವಳ ಹೆಗಲ ಮೇಲೆ ಭಾರ ಹಾಕಲು ಅವರಿಗೆ ಭಯ. ಯಾರು ಕೈ ಚಾಚಿದರೂ ಒಂದೇ ಮಾತು, "ಪುಟ್ಟ ಬರ್ಲಿ." ಅರುವತ್ತು ದಾಟಿದ ನಮ್ಮ ಯಜಮಾನರೇ ಆ ಪುಟ್ಟ.

ಪುಟ್ಟ ಒಂದೇ ಒಂದು ದಿನ ಹೋದರು. ವಾಪಸ್ ಬಂದು ಚಪ್ಪಲಿ ಬಿಡುವ ಮೊದಲೇ ವಾಚು ನೋಡಿಕೊಂಡರು.

"ಅವನ ಜೊತೆ ನಡೆದ್ರೆ ನಡೆದ ಹಾಗೇ ಇಲ್ಲ ಕಣೇ. ಎದೆಬಡಿತ ಏರೋದೇ ಇಲ್ಲ. ವಾಚು ಅದನ್ನ ಲೆಕ್ಕಕ್ಕೇ ತಗೊಂಡಿಲ್ಲ ನೋಡು."

"ಕತ್ತೆ ಬಾಲ. ನಿಮ್ಮಣ್ಣ ಲೆಕ್ಕಕ್ಕೆ ತಗೊಂಡಿದ್ದಾರಲ್ಲ, ಸಾಲದಾ?"

"ಬೆಳಗಿನ ನಡಿಗೆ ತಪ್ಪಿದ್ರೆ ನನ್ನ ಇಡೀ ದಿನ ಕೆಡುತ್ತೆ. ನಾಳೆ ನಾನು ಮಲಗಿಬಿಟ್ರೆ ನೋಡ್ಕೊಳ್ಳೋಳು ನೀನೇ ತಾನೆ? ಇದೆಲ್ಲ ಮಾಡ್ತಿರೋದು ನಿನಗೋಸ್ಕರಾನೇ."

ನನಗೋಸ್ಕರವಂತೆ. ಇದು ಹೆದರಿಕೆ ಎಂದು ನನಗೆ ಗೊತ್ತಿಲ್ಲವೇ? ಅಣ್ಣನ ಸೊಟ್ಟಗಾದ ಬಾಯಿ ನೋಡಿ ಬಂದ ದಿನ ಸಂಜೆ ಇವರು ಪಾರ್ಕಿಗೆ ಇನ್ನೊಮ್ಮೆ ಹೋಗಿ ಸುತ್ತು ಹಾಕಿದರು. ಹೆದರಿದವರನ್ನು ಕಂಡರೆ ಕನಿಕರ ಬರಬೇಕು. ನನಗೆ ಮೈಯೆಲ್ಲ ಉರಿಯಿತು.

"ರೀ, ಖಾಲಿ ಬಸ್ಸು ಓಡಿಸ್ಕೊಂಡು ಟ್ರಿಪ್ ಬರ್ಕೋತಿದ್ದೀರಿ ನೀವು" ಎಂದೆ ಆ ರಾತ್ರಿ. "ಒಬ್ಬ ಪ್ಯಾಸೆಂಜರ್ ಇಲ್ಲ, ಗಾಡಿ ಮಾತ್ರ ಹೊಸದಾಗೇ ಇರ್ಬೇಕು. ನಮ್ಮ ಡಿಪೋದಲ್ಲಿ ಬ್ರೇಕ್ ರಿಪೇರಿ ಮಾಡಿದವನೇ ಮೊದಲನೇ ಓಟಕ್ಕೆ ಬಸ್ಸಲ್ಲಿ ಕೂರ್ಬೇಕಿತ್ತು, ನೆನಪಿದೆಯಾ? ನೀವು ಹೊಸದಾಗಿ ಸೇರಿದಾಗ ನಿಮ್ಮ ಕೈಕೆಲಸ ನಂಬಿ ನಿಮ್ಮ ಪಕ್ಕದಲ್ಲಿ ಕೂತವರು ಯಾರು? ಬ್ರೇಕ್ ಹಿಡೀದಿದ್ರೆ ಇಬ್ರೂ ಒಟ್ಟಿಗೇ ಹೋಗ್ತೀವಿ ಅಂತ ನಗ್ತಾ ಹತ್ತಿದವರು ಯಾರು? ನಿಮ್ಮಣ್ಣ ತಾನೆ?"

ಇವರು ಮಲಗುವ ಹೊತ್ತಾಯಿತೆಂದು ದೀಪ ಆರಿಸಿದರು.

ಮರುದಿನ ನಾನೇ ಹೋದೆ. ಭಾವ ಎಡಗೈಯಲ್ಲೇ ಗಡ್ಡ ಬೋಳಿಸಿಕೊಂಡು, ಅಲ್ಲಲ್ಲಿ ಗಾಯ ಮಾಡಿಕೊಂಡು, ಬೂಟು ಹಾಕಿಸಿಕೊಂಡು, ಬಾಗಿಲನ್ನೇ ನೋಡುತ್ತ ಕುಳಿತಿದ್ದರು. ನನ್ನ ಬೆನ್ನ ಹಿಂದೆ ಇಣುಕಿದರು.

"ಪುಟ್ಟ ಎಲ್ಲಮ್ಮಾ?"

ನಿಜ ನಾಲಿಗೆ ತುದಿಯವರೆಗೆ ಬಂದಿತ್ತು. ಆ ಬೂಟುಗಳನ್ನು ನೋಡಿ ನುಂಗಿಕೊಂಡೆ. "ಅವರಿಗೆ ಜ್ವರ ಭಾವ. ವಾಸಿಯಾದ ತಕ್ಷಣ ಬರ್ತಾರೆ. ಅಲ್ಲಿವರೆಗೂ ನನ್ನ ಕೈ ಹಿಡ್ಕೊಳ್ಳಿ."

ಅವರು ಹಿಡಿಯಲಿಲ್ಲ. ಆ ವಾರವಿಡೀ ಹೋದೆ, ವಾರವಿಡೀ ಜ್ವರವನ್ನು ಇಳಿಯಗೊಡಲಿಲ್ಲ. ಅವರ ಕಾಲು ಕುರ್ಚಿಯಿಂದ ಕದಲಲಿಲ್ಲ. ವ್ಯಾಯಾಮದಾಕೆ ನನ್ನ ಮುಖ ನೋಡಿ ತಲೆಯಾಡಿಸಿದಳು. ಮನೆಗೆ ಬಂದರೆ ಇವರು ಕನ್ನಡಿಯ ಮುಂದೆ ನಿಂತು ಹೊಟ್ಟೆ ಕರಗಿದ್ದನ್ನು ನೋಡಿಕೊಳ್ಳುತ್ತಿದ್ದರು. ಕನ್ನಡಿಯನ್ನು ಒಡೆದುಹಾಕುವಷ್ಟು ಸಿಟ್ಟು ಬಂದಿತ್ತು.

ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಏನೋ ಎಳೆದಂತೆ ಸದ್ದಾಯಿತು. ನಮ್ಮದು ಮೊದಲನೇ ಮಹಡಿ, ಲಿಫ್ಟ್ ಇಲ್ಲ. ಬಾಗಿಲು ತೆರೆದು ಬಗ್ಗಿ ನೋಡಿದರೆ ತಿರುವಿನಲ್ಲಿ ಭಾವ ಕುಳಿತಿದ್ದಾರೆ. ಬೆವರು ಕುತ್ತಿಗೆಯಿಂದ ಇಳಿಯುತ್ತಿದೆ. ಒಂದು ಮೆಟ್ಟಿಲು ಕೆಳಗೆ ಓರಗಿತ್ತಿ ಕೋಲು ಹಿಡಿದು ಅಳುತ್ತ ನಿಂತಿದ್ದಾಳೆ.

"ನನ್ನ ಮಾತೇ ಕೇಳ್ಲಿಲ್ಲ ಕಣೇ" ಎಂದಳು. "ವಾರವಾದ್ರೂ ಪುಟ್ಟನ ಜ್ವರ ಬಿಟ್ಟಿಲ್ಲ, ಏನೋ ಮುಚ್ಚಿಡ್ತಿದ್ದೀರಿ ಅಂತ ಹಟ. ಗೋಡೆ ಹಿಡ್ಕೊಂಡು ಬಸ್ ಸ್ಟಾಪಿನವರೆಗೂ ನಡೆದ್ರು. ಡ್ರೈವರ್ ಇಳಿದುಬಂದು ಹತ್ತಿಸ್ಕೊಂಡ."

ನಾನು ಮೆಟ್ಟಿಲಿಳಿದು ಅವರ ಪಕ್ಕ ತಲುಪುವಷ್ಟರಲ್ಲಿ ಕೆಳಗಿನ ಗೇಟು ತೆರೆಯಿತು. ಇವರು ಪಾರ್ಕಿನಿಂದ ಬಂದರು. ಮುಖ ಕೆಂಪಗಿತ್ತು, ಉಸಿರು ಜೋರಾಗಿತ್ತು. ಎರಡೆರಡು ಮೆಟ್ಟಿಲು ಹಾರುತ್ತ ಬಂದವರು ಅಣ್ಣನನ್ನು ಕಂಡು ಕಂಬಿ ಹಿಡಿದು ನಿಂತರು.

ಭಾವ ಎಡಗೈ ಚಾಚಿ ತಮ್ಮನ ಹಣೆ ಮುಟ್ಟಿದರು.

"ಇನ್ನೂ ಸುಡ್ತಿದೆಯಲ್ಲೋ" ಎಂದರು. ಮಾತು ತೊದಲುತ್ತಿತ್ತು. "ಇಂಥಾ ಜ್ವರದಲ್ಲಿ ಹೊರಗ್ಯಾಕೆ ಹೋದೆ? ಬುದ್ಧಿ ಬೇಡ್ವಾ ನಿಂಗೆ?"

ಇವರು ನನ್ನ ಕಡೆ ನೋಡಿದರು. ಸುಳ್ಳು ನನ್ನದೇ, ಆದರೆ ಅದನ್ನು ಬಿಡಿಸಿಕೊಳ್ಳಬೇಕಾದವರು ಅವರು. ಜ್ವರ ಇಲ್ಲ ಅಣ್ಣ, ನಾನೇ ಬರಲಿಲ್ಲ ಎಂದು ಒಂದು ಮಾತು ಹೇಳಲಿ ಎಂದು ಕಾದೆ. ಬಾಯಿ ತೆರೆದು, ಮುಚ್ಚಿ, ಕೊನೆಗೆ ಎಂದರು, "ಹೂಂ ಅಣ್ಣ. ಸ್ವಲ್ಪ ಇದೆ."

ಆ ಕ್ಷಣ ಅವರನ್ನು ಮೆಟ್ಟಿಲಿಂದ ತಳ್ಳಿಬಿಡಬೇಕೆನಿಸಿತು.

"ನಡಿ, ಮಲಗ್ಬೇಕು ನೀನು" ಎಂದು ಭಾವ ಗೋಡೆಗೆ ಹೆಗಲು ಕೊಟ್ಟು ಎದ್ದರು. ಬಲಗಾಲು ನಡುಗುತ್ತಿತ್ತು. ಒಳ್ಳೆಯ ಕೈಯನ್ನು ತಮ್ಮನಿಗೆ ಚಾಚಿದರು. "ಕೈ ಕೊಡು ಪುಟ್ಟ. ನಾನು ಹತ್ತಿಸ್ತೀನಿ. ಆತುರ ಏನಿಲ್ಲ, ಒಂದೊಂದೇ ಮೆಟ್ಟಿಲು."

ಇವರು ಕೈ ಕೊಟ್ಟರು. ಅಣ್ಣ ಕಾಲೆಳೆದು ಮೇಲಿಟ್ಟಾಗ ತಾವೂ ಇಟ್ಟರು, ಅಣ್ಣ ನಿಂತಾಗ ತಾವೂ ನಿಂತರು. ತಲೆ ತಗ್ಗಿಸಿ ಬಿಕ್ಕುತ್ತಿದ್ದರು. ಅದು ಜ್ವರದ ನಡುಕ ಎಂದುಕೊಂಡ ಭಾವ, ಹಿಡಿದ ಕೈಯನ್ನು ಇನ್ನಷ್ಟು ಬಿಗಿ ಮಾಡಿದರು.