ಚಿಲಕ ಹಾಕಲು ಬಿಡದ ದೊರೆ

ಬೀಗ ರಿಪೇರಿಯವನಿಗೆ ಬೀಗಗಳ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಎಂಥ ಬೀಗವನ್ನೂ ಹರಟೆ ಹೊಡೆಯುತ್ತಲೇ ತೆಗೆದುಬಿಡುತ್ತಿದ್ದ ಅವನಿಗೆ, ತನ್ನಂಥ ಕೈಚಳಕದವನು ಊರಲ್ಲಿ ಇನ್ನೊಬ್ಬನಾದರೂ ಇರದೆ ಇರುತ್ತಾನೆಯೇ ಎಂಬ ಚಿಂತೆ. ಆದ್ದರಿಂದ ಮನೆಯ ಬಾಗಿಲು ಬಾಗಿಲಿಗೂ ಬೀಗ, ಅಡುಗೆಮನೆಯ ಕಪಾಟಿಗೂ ಬೀಗ. ತಿಜೋರಿಯೊಳಗೆ ಸಂಸಾರ ಮಾಡಿದ ಹಾಗಿದೆ ಎಂದು ಹೆಂಡತಿ ಗೊಣಗುತ್ತಿದ್ದಳು. ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಪಕ್ಕದ ಬೀದಿಯ ಮನೆಯೊಂದರಲ್ಲಿ ಅವನೇ ಮಾರಿದ ಬೀಗವನ್ನು ಯಾರೋ ಗೀರು ಕೂಡ ಬೀಳದಂತೆ ತೆಗೆದು ಕಳವು ಮಾಡಿದಾಗ, ಇನ್ನು ನಾಯಿಯೇ ಗತಿ ಎಂದು ತೀರ್ಮಾನಿಸಿದ.

ಅನಾಥ ನಾಯಿಗಳ ಆಶ್ರಯದಲ್ಲಿ ಅವನು ಆರಿಸಿದ್ದು ಎಲ್ಲಕ್ಕಿಂತ ದೊಡ್ಡದನ್ನು, ನಿದ್ದೆಗೆಟ್ಟ ಪೊಲೀಸಿನವನಂಥ ಮುಖದ್ದನ್ನು. ಅಲ್ಲಿ ನೋಡಿಕೊಳ್ಳುವಾಕೆ ಎಚ್ಚರಿಕೆ ಹೇಳಿದಳು: "ತುಂಬಾ ಸಾಧು. ಬಾಗಿಲು ಹಾಕಿದ್ರೆ ಮಾತ್ರ ಇದಕ್ಕೆ ಆಗಲ್ಲ. ಹಿಂದಿನವರು ಕೋಣೇಲಿ ಕೂಡಿಹಾಕಿ ಮನೆ ಖಾಲಿ ಮಾಡ್ಕೊಂಡು ಹೋಗಿದ್ರು."

ಅವನು ಹೂಂಗುಟ್ಟಿದ. ಕಣ್ಣೆಲ್ಲ ನಾಯಿಯ ಹಲ್ಲಿನ ಮೇಲಿತ್ತು.

ಮನೆಗೆ ಬಂದು ಅಭ್ಯಾಸಬಲದಿಂದ ಚಿಲಕ ಎಳೆದದ್ದೇ ತಡ, ನಾಯಿ ಕತ್ತೆತ್ತಿ ಊಳಿಡತೊಡಗಿತು. ಬಿಸ್ಕತ್ತು ಕೊಟ್ಟ, ಗದರಿದ, ತಲೆ ಸವರಿದ. ಜಪ್ಪಯ್ಯ ಅಂದರೂ ನಿಲ್ಲಿಸಲಿಲ್ಲ. ಮಹಡಿಯಲ್ಲಿದ್ದ ಮುದುಕ ದರ್ಜಿ ಮೇಲಿನಿಂದ ನೆಲ ಕುಟ್ಟಿದ. ಹೆಂಡತಿ ಎದ್ದುಹೋಗಿ ಬಾಗಿಲನ್ನು ಒಂದು ಗೇಣು ತೆರೆದಳು. ನಾಯಿ ಹೊಸ್ತಿಲಿಗೆ ಅಡ್ಡ ಬಿದ್ದುಕೊಂಡು ನಿಟ್ಟುಸಿರು ಬಿಟ್ಟಿತು. ಆಕೆ ಅದಕ್ಕೆ ದೊರೆ ಎಂದು ಹೆಸರಿಟ್ಟಳು.

ದೊರೆಯ ಆಳ್ವಿಕೆಯಲ್ಲಿ ಒಂದೊಂದೇ ಬಾಗಿಲು ತೆರೆದುಕೊಂಡಿತು. ಮಲಗುವ ಕೋಣೆಯದು ಮೊದಲು ಹೋಯಿತು, ಆಮೇಲೆ ಉಗ್ರಾಣದ್ದು. ಬಚ್ಚಲುಮನೆಯ ವಿಷಯದಲ್ಲಿ ಅವನು ಪಟ್ಟು ಹಿಡಿದ. ದೊರೆ ಹೊರಗೆ ನಿಂತು ಬಾಗಿಲು ಕೆರೆಯಿತು, ಅವನು ಒಳಗೆ ಸೋಪು ಹಚ್ಚಿಕೊಂಡು ಬೈದ.

"ಸ್ವಲ್ಪ ತೆಗೀರಿ," ಎಂದಳು ಹೆಂಡತಿ. "ಈ ವಯಸ್ಸಲ್ಲಿ ನಿಮ್ಮನ್ನ ನೋಡೋಕೆ ಯಾರು ಕಾದು ಕೂತಿದ್ದಾರೆ?"

ಇಷ್ಟು ವರ್ಷ ತನ್ನ ಮಾತಿಗೆ ಕವಡೆ ಕಿಮ್ಮತ್ತು ಸಿಗದಿದ್ದ ಮನೆಯಲ್ಲಿ ನಾಯಿಯ ಮಾತು ನಡೆಯುವುದನ್ನು ಕಂಡು ಅವಳಿಗೆ ಹೊಟ್ಟೆಕಿಚ್ಚಾಗಲಿಲ್ಲ. ಬದಲಿಗೆ ದೊರೆಗೆ ಊಟ ಒಂದು ತುತ್ತು ಜಾಸ್ತಿ ಬೀಳತೊಡಗಿತು.

ತೆರೆದ ಬಾಗಿಲು ಕಂಡು ದರ್ಜಿ ಇಳಿದುಬಂದ. ಇಷ್ಟು ದಿನ ಬರೀ ಕೆಮ್ಮಿನಿಂದ ಗೊತ್ತಿದ್ದವನು, ಈಗ ದಿನಾ ಸಂಜೆ ಹಾಜರಾಗಿ ಚಹಾ ಕುಡಿದು, ಪತ್ರಿಕೆ ಓದಿ, ಮನೆಯವನ ಅಂಗಿಯ ಕಾಲರ್ ಸರಿಯಿಲ್ಲವೆಂದು ಹೇಳಿಹೋಗುತ್ತಿದ್ದ. ದೊರೆಯಂತೂ ಬಂದವರಿಗೆಲ್ಲ ಬಾಲವಾಡಿಸಿ ಒಳಗಿನ ಕೋಣೆಯವರೆಗೂ ದಾರಿ ತೋರಿಸುತ್ತಿತ್ತು. ಕಳ್ಳ ಬಂದರೆ ಕಪಾಟನ್ನೂ ತೋರಿಸೀತು ಎಂದು ಬೀಗದವನು ದರ್ಜಿಯ ಮುಂದೆ ಗೋಳಾಡಿದ. ಗೋಳು ಹೇಳಿಕೊಳ್ಳಲು ಒಬ್ಬ ಸಿಕ್ಕಿದ್ದು ಅವನಿಗೆ ಹಿತವಾಗಿಯೇ ಇತ್ತು.

ಒಂದು ಭಾನುವಾರ ಔಷಧಿ ಅಂಗಡಿಯವನು ಮನೆಗೇ ಹುಡುಕಿಕೊಂಡು ಬಂದ. ಅವನಿಗೆ ಎಲ್ಲಕ್ಕಿಂತ ಗಟ್ಟಿಯಾದ ಬೀಗ ಬೇಕಿತ್ತು. ಹೊಸ್ತಿಲಲ್ಲಿ ಪವಡಿಸಿದ್ದ ದೊರೆಯನ್ನು ದಾಟಲೋ ಬೇಡವೋ ಎಂದು ನಿಂತವನು, ಹಿತ್ತಲಿನವರೆಗೆ ಹಾರುಹೊಡೆದಿದ್ದ ಬಾಗಿಲುಗಳನ್ನು ನೋಡಿದ.

"ಬೀಗ ಮಾರೋರು ನೀವೇ ಹಾಕಲ್ವಾ?"

ನಿಜ ಹೇಳಿದರೆ ಮಾನ ಹೋಗುತ್ತಿತ್ತು. ಬೀಗದವನು ಎದೆಯುಬ್ಬಿಸಿ, "ನಾಯಿ ಇದೆಯಲ್ಲ," ಎಂದ.

ಔಷಧಿ ಅಂಗಡಿಯವನು ದೊರೆಯ ಮುಖವನ್ನು ಹೊತ್ತುಗಟ್ಟಲೆ ನೋಡಿದ. ಬೀಗದ ಮಾತು ಅಲ್ಲಿಗೇ ಬಿಟ್ಟು, ಇಂಥದ್ದು ಎಲ್ಲಿ ಸಿಗುತ್ತದೆಂದು ವಿಚಾರಿಸಿ, ವಿಳಾಸ ಪಡೆದು ಹೊರಟುಹೋದ.

ಮನೆ ಬಾಗಿಲಿಗೆ ಬಂದ ಗಿರಾಕಿಯನ್ನು ಹಾಗೇ ಕಳಿಸಿದಿರಲ್ಲ ಎಂದು ಹೆಂಡತಿ ಕೇಳಿದಳು. ಅವನು ದೊರೆಯ ಪಕ್ಕ ಹೊಸ್ತಿಲ ಮೇಲೆ ಕುಳಿತು, ದರ್ಜಿ ಇನ್ನೂ ಯಾಕೆ ಇಳಿದುಬಂದಿಲ್ಲವೆಂದು ಮಹಡಿಯ ಮೆಟ್ಟಿಲ ಕಡೆ ನೋಡಿದ.