ಮಗಳ ಉತ್ತರ, ಮೇಡಂ ಕೈಬರಹ

ಒಂಬತ್ತನೇ ತರಗತಿಯ ಸುಷ್ಮಿತಾ ಸಮಾಜ ವಿಜ್ಞಾನದಲ್ಲಿ ಪಾಸಾದಳೆಂಬ ಸುದ್ದಿ ಅವಳಪ್ಪ ಹೊನ್ನೂರುಸ್ವಾಮಿಗೆ ಸಂತೋಷಕ್ಕಿಂತ ಮೊದಲು ಅನುಮಾನ ತಂದಿತು. ಹೇಳಿದವನು ಅವನಂತೆಯೇ ಅದಿರಿನ ಲಾರಿ ಓಡಿಸುವ ಕಾಳಪ್ಪ. ಯಶವಂತನಗರದ ಚಹಾದಂಗಡಿಯ ಮುಂದೆ ಮಿರ್ಚಿ ಕಚ್ಚುತ್ತ, "ನಿನ್ ಮಗಳು ಪಾಸಾಗ್ಯಾಳಂತಲ್ಲೋ! ಪೇಪರ್ ಬರದಾಕಿ ಮಾತ್ರ ಮೇಡಂ ಅಂತ. ನಮ್ಮ ಹುಡುಗ ಹೇಳಿದ" ಎಂದು ನಕ್ಕ.

ಹೊನ್ನೂರುಸ್ವಾಮಿ ನಗಲಿಲ್ಲ. ಮಗಳು ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿ ನಿಲ್ಲುವುದು, ಬೋರ್ಡಿನ ಮೇಲಿನ ಪದ ಅವಳ ಪುಸ್ತಕಕ್ಕೆ ಇಳಿಯುವಷ್ಟರಲ್ಲಿ ಬೇರೆಯೇ ಪದವಾಗುವುದು ಅವನು ಕಂಡದ್ದೇ. ಅಂಥವಳು ಹೇಗೆ ಪಾಸಾದಳು?

ಮನೆಗೆ ಹೋದವನೇ ಹೆಂಡತಿ ಗಾಳೆಮ್ಮನನ್ನು ಕೇಳಿದ.

"ಹೌದು, ಈಕಿ ಬಾಯಿಲೆ ಹೇಳ್ತಾಳ, ಹೇಮಾವತಿ ಮೇಡಂ ಬರ್ಕೊಳ್ತಾರ. ಬಳ್ಳಾರಿ ಆಸ್ಪತ್ರ್ಯಾಗ ತೋರ್ಸಿಕೊಂಡು ಬಂದಿದ್ವಲ್ಲ? ಓದಾಕ ಬರಿಯಾಕ ತ್ರಾಸಿರೋ ಮಕ್ಕಳಿಗೆ ಹಂಗ ಅವಕಾಶ ಐತಂತ."

"ಉತ್ತರಾನೂ ಆ ಮೇಡಂನ ಹೇಳಿಕೊಟ್ಟಿದ್ರ? ಹೆಂಗೋ ಪಾಸ್ ಮಾಡಿ ಕೈ ತೊಳಕೊಳ್ಳೋ ಆಟ ಇದು. ನಾಳೆ ಹತ್ತನೇ ಕ್ಲಾಸಿನ್ಯಾಗ ಸಿಕ್ಕಿಬಿದ್ರ ಯಾರ ಹೆಸರು ಕೆಡ್ತೈತಿ?"

ಬಾಗಿಲ ಬಳಿ ನಿಂತಿದ್ದ ಸುಷ್ಮಿತಾ ತಲೆ ತಗ್ಗಿಸಿ ಒಳಗೆ ಹೋದಳು. ತಪ್ಪು ಮಾಡಿದವಳ ನಡಿಗೆ ಅದು ಎಂದು ಅವನಿಗೆ ಅನ್ನಿಸಿತು.

ಮುಂದಿನ ಕಿರುಪರೀಕ್ಷೆಯ ದಿನ ಅವನು ಡ್ಯೂಟಿಗೆ ರಜೆ ಹಾಕಿ, ಯಾರಿಗೂ ಹೇಳದೆ ಶಾಲೆಗೆ ಹೋದ. ಸಂಡೂರಿನಿಂದ ಬರುತ್ತಿದ್ದ ವಿಶೇಷ ಶಿಕ್ಷಕಿ ಹೇಮಾವತಿ ಗ್ರಂಥಾಲಯದ ಕೋಣೆಯಲ್ಲಿ ಸುಷ್ಮಿತಾಳ ಎದುರು ಕೂತಿದ್ದಳು. ಬಂದವನ ಮುಖ ನೋಡಿಯೇ ಅವಳಿಗೆ ವಿಷಯ ತಿಳಿಯಿತು.

"ಕುಂದ್ರಿ. ನಿಮ್ಮ ಕಣ್ಣಿಂದಾನ ನೋಡ್ರಿ. ಆದ್ರ ಮಾತಾಡಬ್ಯಾಡ್ರಿ."

ಅವನು ಹಿಂದಿನ ಬೆಂಚಿನಲ್ಲಿ ಕೂತು ಮೇಡಂ ಮೇಲೆ ಕಣ್ಣು ನೆಟ್ಟ. ಅವಳು ಪ್ರಶ್ನೆ ಓದಿ ಕನ್ನಡಕ ಸರಿಮಾಡಿಕೊಂಡಳು. ಅದೇ ಸನ್ನೆಯಿರಬೇಕು ಎಂದುಕೊಂಡ. ಪೆನ್ನಿನ ತುದಿಯಿಂದ ಮೇಜು ತಟ್ಟಿದಳು. ಅದಕ್ಕೂ ಏನೋ ಅರ್ಥ ಇದ್ದೇ ಇರುತ್ತದೆ. ಆದರೆ ಮಗಳು ಮೇಡಂ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ ಹೇಳುತ್ತಿದ್ದಳು.

ವಿಜಯನಗರದ ಅರಸರ ಕಾಲುವೆಗಳ ಬಗ್ಗೆ ಪ್ರಶ್ನೆ ಬಂತು. "ಆಗ ಕಟ್ಸಿದ ಕಾಲುವಿ ನೀರು ಹಂಪ್ಯಾಗ ಈಗ್ಲೂ ಬಾಳಿ ತ್ವಾಟಕ್ಕ ಹರೀತೈತ್ರಿ. ನೀರಿದ್ರ ಬೆಳಿ, ಬೆಳಿ ಇದ್ರ ಕಂದಾಯ, ಕಂದಾಯ ಇದ್ರ ಸೈನ್ಯ" ಎಂದು ಸುಷ್ಮಿತಾ ತಡೆಯಿಲ್ಲದೆ ಹೇಳುತ್ತ ಹೋದಳು. ಮಗಳು ಇಷ್ಟು ಮಾತಾಡಿದ್ದನ್ನು ಹೊನ್ನೂರುಸ್ವಾಮಿ ಕೇಳಿಯೇ ಇರಲಿಲ್ಲ. ಬಾಯಿಪಾಠ ಮಾಡಿಸಿರಬೇಕು ಅಂದುಕೊಂಡ.

"ತುಂಗಭದ್ರಾ ಯಾವ ನದಿಗೆ ಸೇರ್ತೈತಿ?"

"ಗೋದಾವರಿಗೆ."

ಕರ್ನೂಲಿನ ಕಡೆ ವರ್ಷಗಟ್ಟಲೆ ಲಾರಿ ಹೊಡೆದವನಿಗೆ ಅದು ಸೇರುವುದು ಕೃಷ್ಣೆಗೆ ಎಂದು ಗೊತ್ತಿಲ್ಲವೇ? ತನಗೇ ಅರಿವಾಗುವ ಮೊದಲು ಜೋರಾಗಿ ಕೆಮ್ಮಿಬಿಟ್ಟ. ಸುಷ್ಮಿತಾ ಕಣ್ಣು ಬಿಟ್ಟು ತಿರುಗಿ ನೋಡಿದಳು.

"ಸ್ವಾಮಿಯವರೇ, ಹೊರಗ ನಿಂದ್ರಿ" ಎಂದಳು ಹೇಮಾವತಿ.

ಕಳ್ಳತನ ಹಿಡಿಯಲು ಬಂದವನು ಕಳ್ಳನಂತೆ ಎದ್ದು ಹೋಗಿ ಕಿಟಕಿಯ ಹೊರಗೆ ನಿಂತ. ಒಳಗಿನ ಮಾತು ಕೇಳುತ್ತಿತ್ತು.

"ಗೋದಾವರಿ ಅಂತಾನ ಬರೀಲೇನು?"

ಮಗಳು ಕಿಟಕಿಯತ್ತ ಒಮ್ಮೆ ನೋಡಿದಳು. ಕೆಮ್ಮು ಯಾಕೆ ಬಂತೆಂದು ಅವಳಿಗೆ ತಿಳಿದಿತ್ತೆಂಬುದು ಅವನಿಗೂ ತಿಳಿಯಿತು. "ಹೂಂ ಮೇಡಂ. ನಂಗ ಗೊತ್ತಿರೋದು ಅದ."

ಮೇಡಂ ತಪ್ಪನ್ನು ತಪ್ಪಾಗಿಯೇ ಬರೆದುಕೊಂಡಳು. ಹೊನ್ನೂರುಸ್ವಾಮಿ ಕಿಟಕಿಯ ಸರಳು ಹಿಡಿದು ನಿಂತೇ ಇದ್ದ. ಮನಸ್ಸಿನ ಗಂಟು ಸಡಿಲವಾದ ಜಾಗದಲ್ಲಿ ನಾಚಿಕೆ ಬಂದು ಕೂತಿತು.

ಬೈಕಿನಲ್ಲಿ ಮನೆಗೆ ಹೊರಟಾಗ ಮಗಳು ಹಿಂದಿನಿಂದ ಕೇಳಿದಳು, "ನನ್ ಮ್ಯಾಲ ಡೌಟ್ ಇತ್ತಲ್ಲಪ್ಪಾ?"

"ಇತ್ತವ್ವ."

"ಈಗ?"

"ಈಗಿಲ್ಲ. ನಾ ಮಾಡಿದ್ದು ತಪ್ಪಾತು."

ಕೇಳಿದ್ದು ಇವಳ ತಲೆಯಲ್ಲಿ ಉಳಿಯುತ್ತದೆ, ಓದಿದ್ದು ಉಳಿಯುವುದಿಲ್ಲ ಎಂದು ಅವರು ಶಾಲೆಯಿಂದ ಹೊರಡುವಾಗ ಹೇಮಾವತಿ ಹೇಳಿದ್ದಳು. ಆಮೇಲೆ ಲೋಡಿಂಗ್ ಸರದಿಯಲ್ಲಿ ಲಾರಿ ನಿಂತಾಗಲೆಲ್ಲ ಹೊನ್ನೂರುಸ್ವಾಮಿ ಗಾಜು ಏರಿಸಿ, ಸಮಾಜ ವಿಜ್ಞಾನದ ಪುಸ್ತಕವನ್ನು ಜೋರಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡತೊಡಗಿದ. ಸುಷ್ಮಿತಾ ಸಂಜೆ ಅದನ್ನು ಹಾಕಿಕೊಂಡು ಕೇಳುತ್ತಿದ್ದಳು; ಅಪ್ಪ ತಪ್ಪಿ ಓದಿದಲ್ಲೆಲ್ಲ ನಗುತ್ತಿದ್ದಳು. ಆ ವರ್ಷ ಗಣಿತದಲ್ಲಿ ಕಷ್ಟಪಟ್ಟು, ಉಳಿದದ್ದರಲ್ಲಿ ಸಲೀಸಾಗಿ ಅವಳು ಹತ್ತನೆಯ ತರಗತಿಗೆ ಹೋದಳು.